ಹಿಂದಿನ ಸೀಟಿನ ಹಲಗೆ

ನಮ್ಮ ಅಕ್ಕನ ಮನೆಯ ಮುಂದೆ ಹಾದುಹೋಗುತ್ತಿದ್ದ ಬಸ್ಸಿಗೆ ಒಂದು ಕಾಯಿಲೆಯಿತ್ತು. ಒಮ್ಮೆ ಎಂಜಿನ್ ನಿಂತರೆ ಮತ್ತೆ ಸುಲಭಕ್ಕೆ ಹೊತ್ತಿಕೊಳ್ಳುತ್ತಿರಲಿಲ್ಲ. ಬ್ಯಾಟರಿ ಹಳೆಯದು, ಸೆಲ್ಫ್ ತೆಗೆದುಕೊಳ್ಳುತ್ತಿರಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಬೇಕು, ಅದಕ್ಕೂ ಬಗ್ಗದಿದ್ದರೆ ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು. ಹಾಗಾಗಿ ಅದರ ಡ್ರೈವರು ಬೆಳಿಗ್ಗೆ ಸಾಗರದಲ್ಲಿ ಎಂಜಿನ್ ಶುರುಮಾಡಿದರೆ ಹೊಸನಗರದಲ್ಲಿ ತಿಂಡಿಗೆ ಇಳಿದಾಗಲೂ ಆರಿಸುತ್ತಿರಲಿಲ್ಲ. ತೀರ್ಥಹಳ್ಳಿ ಮುಟ್ಟುವ ತನಕ ಅದು ಗುರುಗುಟ್ಟುತ್ತಲೇ ಇರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಕಟ್ಟಿದ ಗಿಟಾರಿನ ವಿಷಯವನ್ನು ಆ ಬಸ್ಸನ್ನು ಬಿಟ್ಟು ಹೇಳಲಾಗುವುದಿಲ್ಲ.

ಅರವತ್ತರ ದಶಕದ ಮಾತು. ಸಾಗರದ ಪೇಟೆಯಲ್ಲಿ ನನ್ನದೊಂದು ರೇಡಿಯೊ ರಿಪೇರಿ ಅಂಗಡಿ. ಜೊತೆಗೆ ಮದುವೆ, ಮುಂಜಿ, ನಾಟಕಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಕರೆಂಟಿಲ್ಲದ ಹಳ್ಳಿಗಳೇ ಹೆಚ್ಚಾದ್ದರಿಂದ ನನ್ನ ಆಂಪ್ಲಿಫೈಯರು ಕಾರಿನ ಬ್ಯಾಟರಿಯಿಂದ ನಡೆಯುವಂಥದ್ದು. ಪೇಟೆಯಲ್ಲಿ ನನ್ನ ಬಗ್ಗೆ ಎರಡು ಮಾತು ಎಲ್ಲರಿಗೂ ಗೊತ್ತಿತ್ತು. ಕೆಟ್ಟ ರೇಡಿಯೊ ಇವನ ಕೈಗೆ ಬಂದರೆ ಮಾತಾಡುತ್ತದೆ. ಇವನ ಬಾಯಿಗೆ ಮಾತ್ರ ಬೀಗವಿಲ್ಲ. ಮನೆಯಲ್ಲೇ ಸೆಟ್ಟು ಬಿಚ್ಚಿ, ಉಳಿದ ಸ್ಕ್ರೂಗಳನ್ನು ಪೊಟ್ಟಣ ಕಟ್ಟಿಕೊಂಡು ಬರುವವರಿಗೆ ನಾನು ಮಾಡುತ್ತಿದ್ದ ಮಂಗಳಾರತಿಯನ್ನು ಕೇಳಲೆಂದೇ ಪಕ್ಕದ ಹೋಟೆಲಿನವರು ಹೊರಗೆ ಬಂದು ನಿಲ್ಲುತ್ತಿದ್ದರು.

ನಾವು ಬೆಳೆದದ್ದು ಹೊಸನಗರದಲ್ಲಿ. ಅಲ್ಲಿ ನಮ್ಮ ಮನೆಗೆ ವಾರಕ್ಕೊಮ್ಮೆ ಒಬ್ಬ ಪಿಟೀಲು ಮೇಷ್ಟ್ರು ಬರುತ್ತಿದ್ದರು. ಕಲಿಯಬೇಕಾಗಿದ್ದವನು ನಾನು. ನನ್ನ ಕೈಯಲ್ಲಿ ಆ ಪಿಟೀಲು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕೂಗುತ್ತಿತ್ತು. ಒಳಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದ ಅಕ್ಕ ನನ್ನ ಪಾಠಗಳನ್ನೆಲ್ಲ ಕಿವಿಯಲ್ಲೇ ಕಲಿತುಬಿಟ್ಟಿದ್ದಳು. ಒಂದು ದಿನ ಮೇಷ್ಟ್ರು ಅವಳ ಕೈಗೆ ಪಿಟೀಲು ಕೊಟ್ಟು ನೋಡಿದರು. ಮರುವಾರದಿಂದ ಪಾಠ ಅವಳಿಗೆ, ಬಿಡುಗಡೆ ನನಗೆ. ಆ ಬಿಡುಗಡೆ ಸಿಗದೇ ಹೋಗಿದ್ದರೆ ನಾನು ರೇಡಿಯೊ ಬಿಚ್ಚಲು ಕಲಿಯುತ್ತಲೇ ಇರಲಿಲ್ಲ. ಅಕ್ಕನ ಋಣ ನನ್ನ ಮೇಲೆ ಅಲ್ಲಿಂದಲೇ ಶುರುವಾಯಿತು.

ಅಕ್ಕನನ್ನು ಕೊಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಕಡೆಯ ಒಂದು ಮನೆಗೆ. ಮನೆ ರಸ್ತೆಯ ಪಕ್ಕದಲ್ಲೇ. ಭಾವ ಗದ್ದೆ ಮಾಡಿಸುವ ಮನುಷ್ಯ, ಸಂಗೀತದ ಗಂಧವಿಲ್ಲ. ಆದರೂ ಹೆಂಡತಿಯ ಪಿಟೀಲಿನ ಬಗ್ಗೆ ಅವರಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. "ನಂಗೆ ರಾಗ ಗೀಗ ತಿಳಿಯಲ್ಲ ಮಾರಾಯ. ಅವ್ಳು ಬಾರ್ಸಿದ ದಿನ ಸಾರು ರುಚಿಯಾಗಿರ್ತದೆ, ಅಷ್ಟು ಗೊತ್ತು" ಎನ್ನುತ್ತಿದ್ದರು.

ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ಕೊಟ್ಟಿಗೆಯ ಪಕ್ಕದ ಸೌದೆ ಒಟ್ಟಿಲಿಗೆ ಕೈಹಾಕಿದಾಗ ಮಂಡಲದ ಹಾವು ಎಡಗೈಗೆ ಕಚ್ಚಿತು. ಭಾವ ಅವಳನ್ನು ಎತ್ತಿಕೊಂಡು ರಸ್ತೆಗೆ ಬಂದು ನಡುಮಧ್ಯೆ ನಿಂತರು. ಬಂದದ್ದು ಅದೇ ಬಸ್ಸು. ಹಿಂದಿನ ಉದ್ದ ಸೀಟಿನಲ್ಲಿ ಕೂತಿದ್ದವರೆಲ್ಲ ಎದ್ದರು, ಅಕ್ಕನನ್ನು ಆ ಹಲಗೆಯ ಮೇಲೆ ಮಲಗಿಸಿದರು. ಡ್ರೈವರು ಹಿಂದೆ ತಿರುಗಿ, "ಇನ್ನು ತೀರ್ಥಹಳ್ಳಿ ಆಸ್ಪತ್ರೆ ಬಾಗಿಲಿಗೇ ನಿಲ್ಸೋದು. ಆಗ್ಬಹುದಲ್ಲ?" ಎಂದಷ್ಟೇ ಕೇಳಿದನಂತೆ. ಯಾರೂ ಆಗುವುದಿಲ್ಲ ಅನ್ನಲಿಲ್ಲ. ದಾರಿಯಲ್ಲಿ ಇಳಿಯಬೇಕಾದವರ ಊರುಗಳು ಒಂದೊಂದಾಗಿ ಹಿಂದೆ ಹೋದವು. ಮದುವೆಗೆ ಹೊರಟ ಇಬ್ಬರು ಹೆಂಗಸರು, ತಾವು ಹೋಗಬೇಕಾಗಿದ್ದ ಮನೆಯ ಚಪ್ಪರ ಕಿಟಕಿಯಲ್ಲಿ ಕಂಡು ಮರೆಯಾದರೂ ಅಕ್ಕನ ಕಾಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದರಂತೆ. ಅವರೆಲ್ಲ ತೀರ್ಥಹಳ್ಳಿಯಿಂದ ಹಿಂದಕ್ಕೆ ಹೇಗೆ ಹೋದರು, ಮುಹೂರ್ತ ಸಿಕ್ಕಿತೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ. ಭಾವ ಇದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಅಕ್ಕ ಉಳಿದಳು. ಡಾಕ್ಟರು ಕಷ್ಟಪಟ್ಟು ಕೈ ಉಳಿಸಿದರು, ಆದರೆ ಎರಡು ಬೆರಳು ತೆಗೆಯಬೇಕಾಯಿತು. ಉಳಿದ ಬೆರಳುಗಳು ಸೆಟೆದುಕೊಂಡವು. ಪಿಟೀಲು ಗೋಡೆಯ ಗೂಟ ಹತ್ತಿತು.

ಅದಾದ ಮೇಲೆ ಅಕ್ಕ ಬೇರೆಯೇ ಆದಳು. ಎಡಗೈ ಸದಾ ಸೆರಗಿನೊಳಗೆ. ನಾನು ಕೊಟ್ಟಿದ್ದ ರೇಡಿಯೊದಲ್ಲಿ ಪಿಟೀಲು ಬಂದರೆ ಎದ್ದು ಹೋಗಿ ಅದರ ಕಿವಿ ಹಿಂಡಿ ಆರಿಸುತ್ತಿದ್ದಳು. ಇನ್ನೊಂದು ವಿಚಿತ್ರವೆಂದರೆ ಆ ಬಸ್ಸನ್ನು ಹತ್ತುವುದನ್ನೇ ಬಿಟ್ಟಳು. ತವರಿಗೆ ಬರಬೇಕಾದರೆ ಎತ್ತಿನ ಗಾಡಿ. ಯಾಕೆಂದು ಕೇಳಿದರೆ, "ಹೋಗಿ ಅವ್ರ ಮುಖ ನೋಡಿ ಎಂತ ಹೇಳ್ಲಿ? ಅಷ್ಟು ದೊಡ್ಡದಕ್ಕೆ ನನ್ನತ್ರ ಮಾತಿಲ್ಲ" ಎಂದಳು. ಪಿಟೀಲಿದ್ದಾಗ ಅಕ್ಕನಿಗೆ ಮಾತಿನ ಕೊರತೆ ಇದ್ದದ್ದು ನನಗೆ ನೆನಪಿಲ್ಲ. ಅವಳು ಮತ್ತೆ ಬಾರಿಸಬೇಕು, ಹೇಗಾದರೂ ಸರಿ, ಎಂಬುದು ನನ್ನ ತಲೆಯಲ್ಲಿ ಹುಳದ ಹಾಗೆ ಕೊರೆಯಲು ಶುರುವಾಯಿತು.

ಹೀಗಿರುವಾಗ ಸಾಗರಕ್ಕೆ ಒಂದು ಆರ್ಕೆಸ್ಟ್ರಾ ಬಂತು. ಮೈಕು ನನ್ನದು. ಅವರಲ್ಲೊಬ್ಬ ಕುರ್ಚಿಯ ಮೇಲೆ ಕೂತು, ಗಿಟಾರನ್ನು ಮೊರದ ಹಾಗೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಬಾರಿಸಿದ. ಬಲಗೈಯಲ್ಲಿ ತಂತಿ ಮೀಟುತ್ತಾನೆ, ಎಡಗೈಯಲ್ಲಿ ಒಂದು ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುತ್ತಾನೆ. ಹವಾಯನ್ ಗಿಟಾರ್, ಎಲೆಕ್ಟ್ರಿಕ್. ರೇಡಿಯೊದಲ್ಲಿ ಎಷ್ಟೋ ಸಲ ಕೇಳಿದ್ದೆ, ಕಣ್ಣಲ್ಲಿ ನೋಡಿದ್ದು ಅದೇ ಮೊದಲು. ಸ್ವರಗಳು ಪಿಟೀಲಿನಂತೆಯೇ ಒಂದಕ್ಕೊಂದು ಜಾರಿಕೊಂಡು ಬರುತ್ತಿದ್ದವು. ನಾನು ಆಂಪ್ಲಿಫೈಯರಿನ ಪಕ್ಕದಲ್ಲಿ ನಿಂತು ಅವನ ಎಡಗೈಯನ್ನೇ ನೋಡುತ್ತಿದ್ದೆ. ಅದಕ್ಕೆ ಬೆರಳುಗಳ ಕೆಲಸವೇ ಇರಲಿಲ್ಲ. ಸರಳು ಹಿಡಿದರೆ ಸಾಕು, ಹಿಡಿಯಲಾಗದಿದ್ದರೆ ಕೈಗೆ ಕಟ್ಟಿಕೊಂಡರೂ ಸಾಕು. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಗಿಟಾರನ್ನು ಮನಸ್ಸಿನಲ್ಲೇ ಬಿಚ್ಚಿ ಜೋಡಿಸಿ ಆಗಿತ್ತು. ಇಂಥದ್ದನ್ನು ಅಂಗಡಿಯಿಂದ ತರಿಸಬಹುದಲ್ಲ ಎಂದು ಭಾವ ಕೇಳಿದರು. ರೇಡಿಯೊ ಕಟ್ಟುವವನು ಒಂದು ಹಲಗೆಗೆ ತಂತಿ ಬಿಗಿದದ್ದನ್ನು ದುಡ್ಡು ಕೊಟ್ಟು ತರಬೇಕೇ? ನನ್ನ ಅಹಂಕಾರ ಒಪ್ಪಲಿಲ್ಲ.

ಮರ ಬೇಕಾಯಿತು. ಆಗ ಸಾಗರದಲ್ಲಿ ಹಳೆಯ ಮರಕ್ಕೇನು ಬರ? ಅಣೆಕಟ್ಟಿನ ನೀರಲ್ಲಿ ಮುಳುಗಡೆಯಾದ ಊರುಗಳ ಬಾಗಿಲು, ಕಂಬ, ತೊಲೆಗಳು ಎಲ್ಲಿ ನೋಡಿದರಲ್ಲಿ ರಾಶಿ ಬಿದ್ದಿದ್ದವು. ಬ್ಯಾಕೋಡಿನ ಕಡೆಯಿಂದ ಬಂದ ಒಳ್ಳೆಯ ತೊಲೆಯೊಂದನ್ನು ಆರಿಸಿಯೂ ಇದ್ದೆ. ಅಷ್ಟರಲ್ಲಿ ಬಸ್ ಶೆಡ್ಡಿನಿಂದ ಡ್ರೈವರು ಹೇಳಿ ಕಳಿಸಿದ. ಬಸ್ಸಿಗೆ ಹೊಸ ಬಾಡಿ ಕಟ್ಟುತ್ತಿದ್ದರು. ಮರದ ಸೀಟುಗಳನ್ನೆಲ್ಲ ಕಿತ್ತು, ಕಬ್ಬಿಣದ ಚೌಕಟ್ಟಿಗೆ ರೆಕ್ಸಿನ್ ಹೊದಿಸಿದ ಸೀಟು ಕೂರಿಸುತ್ತಿದ್ದರು. ಎಂಜಿನ್ನಿನ ಕಾಯಿಲೆಗೆ ಮಾತ್ರ ಯಾರೂ ಕೈ ಹಾಕಿರಲಿಲ್ಲ. ಡ್ರೈವರು ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದು, ಗೋಡೆಗೆ ಒರಗಿಸಿಟ್ಟಿದ್ದ ಉದ್ದನೆಯ ಸಾಗುವಾನಿ ಹಲಗೆ ತೋರಿಸಿದ.

"ಮೈಕಿನವ್ರೆ, ನಿಮ್ಮಕ್ಕನ್ನ ಮಲಗ್ಸಿದ್ದು ಇದ್ರ ಮೇಲೆ. ಬಚ್ಚಲೊಲೆಗೆ ಹಾಕೋಕೆ ಮನ್ಸು ಬರ್ಲಿಲ್ಲ. ನೀವೇ ಎಂತಾದ್ರೂ ಮಾಡ್ಕಳಿ" ಎಂದ.

ನಾನು ಗಿಟಾರಿನ ವಿಷಯ ಹೇಳಿದೆ. ಅವನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಶೆಡ್ಡಿನ ಮೆಕ್ಯಾನಿಕ್ಕನನ್ನು ಕರೆದು, ಇವರಿಗೇನೋ ನುಣ್ಣನೆಯ ಉಕ್ಕಿನ ಸರಳು ಬೇಕಂತೆ ನೋಡು ಎಂದ. ಮೆಕ್ಯಾನಿಕ್ ಸೀಮೆಎಣ್ಣೆ ಡಬ್ಬಿಯೊಳಗೆ ಕೈಯಾಡಿಸಿ ಸವೆದ ಪಿಸ್ಟನ್ನಿನ ಪಿನ್ನೊಂದನ್ನು ಎತ್ತಿ ಕೊಟ್ಟ. ಹೆಬ್ಬೆರಳು ಗಾತ್ರ, ಕನ್ನಡಿಯಂಥ ಮೈ, ಒಳಗೆ ಟೊಳ್ಳು. ಟೊಳ್ಳಿನೊಳಗೆ ಚರ್ಮದ ಪಟ್ಟಿ ತೂರಿಸಿದರೆ ಕೈಗೆ ಕಟ್ಟಿಕೊಳ್ಳಬಹುದು. ನಾನು ಕೇಳಿದ್ದಕ್ಕಿಂತ ಒಳ್ಳೆಯದನ್ನೇ ಜನ ಕೊಟ್ಟರು. ಆ ಗಿಟಾರಿನ ಕೆಲಸದ ಉದ್ದಕ್ಕೂ ಹೀಗೆಯೇ ಆಯಿತು.

ಹಲಗೆಯನ್ನು ಆಚಾರಿಗೆ ಕೊಟ್ಟೆ. ಸಾಗರದಲ್ಲಿ ವೀಣೆ, ತಂಬೂರಿ ಬಿರುಕು ಬಿಟ್ಟರೆ ಅವರ ಹತ್ತಿರವೇ ಹೋಗುವುದು. ಹಲಗೆಯನ್ನು ಎರಡು ತುಂಡು ಮಾಡಿ, ಒಂದರ ಮೇಲೊಂದು ಅಂಟಿಸಿ, ದಪ್ಪ ಮಾಡಿ ಕೊಡಿ ಎಂದು ಹೇಳಿದೆ. ಎಲೆಕ್ಟ್ರಿಕ್ ಗಿಟಾರಿಗೆ ಗಟ್ಟಿ ಮರವೇ ಬೇಕು. ಶಬ್ದ ಹುಟ್ಟುವುದು ತಂತಿಯ ಕೆಳಗಿನ ಅಯಸ್ಕಾಂತ ಮತ್ತು ಸುರುಳಿಯಲ್ಲಿ. ಅದನ್ನು ನಾನು ಅಂಗಡಿಯಲ್ಲಿ ಮಾಡಿಕೊಂಡೆ. ಹಳೆಯ ಹೆಡ್‌ಫೋನಿನ ಅಯಸ್ಕಾಂತ, ಸುಟ್ಟ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ಕೂದಲೆಳೆಯಂಥ ತಾಮ್ರದ ತಂತಿ. ಕೈಡ್ರಿಲ್ಲಿಗೆ ಸಿಕ್ಕಿಸಿ ಸುತ್ತುವಾಗ ತಂತಿ ಹರಿದು ಎಷ್ಟು ಸಲ ಮೊದಲಿನಿಂದ ಶುರುಮಾಡಿದೆನೋ! ಆ ದಿನಗಳಲ್ಲಿ ಅಂಗಡಿಗೆ ಬಂದವರೆಲ್ಲ ಬೈಸಿಕೊಂಡರು. ವೀಣೆಯ ಉಕ್ಕಿನ ತಂತಿಗಳನ್ನು ಶಿವಮೊಗ್ಗದಿಂದ ತರಿಸಿದೆ.

ಆಚಾರಿ ಕೊಟ್ಟ ವಾದ್ಯವನ್ನು ತಿರುಗಿಸಿ ತಿರುಗಿಸಿ ನೋಡಿದೆ. ವೀಣೆಗಿರುವಂಥ ಬಿರಡೆಗಳು. ಮೇಣ ತಿಕ್ಕಿ ಹೊಳೆಯಿಸಿದ ಮೈ. ಸೀಟನ್ನು ಬಿಗಿದಿದ್ದ ಬೋಲ್ಟಿನ ತೂತುಗಳಲ್ಲಿ ಎರಡನ್ನು ಮುಚ್ಚದೆ ಹಾಗೇ ಬಿಟ್ಟಿದ್ದರು, ಚೆಂದ ಕಾಣುತ್ತದೆಂದು. ತಂತಿ ಬಿಗಿದು, ಸುರುಳಿ ಕೂರಿಸಿ, ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಒಂದು ತಂತಿ ಮೀಟಿದೆ ಅಷ್ಟೇ, ಮೈಕ್‌ಸೆಟ್ಟಿನ ಹಾರನ್ ಸ್ಪೀಕರು ಊಳಿಡಲು ಶುರುಮಾಡಿತು. ದನಿ ಕಡಿಮೆ ಮಾಡಿದರೂ ಊಳು, ತಂತಿಯ ಮೇಲೆ ಕೈ ಒತ್ತಿದರೂ ಊಳು. ಪಕ್ಕದ ಹೋಟೆಲಿನಲ್ಲಿ ಯಾರೋ ಲೋಟ ಬೀಳಿಸಿದರು. ಮರದ ಬೆನ್ನಿಗೆ ಬೆರಳು ಬಡಿದು ನೋಡಿದೆ. ಡಬ್ ಡಬ್ ಎಂದಿತು. ಗಟ್ಟಿ ಮರ ಹಾಗನ್ನುವುದಿಲ್ಲ.

ಅಂಗಡಿ ತೆರೆದಿಟ್ಟೇ ಆಚಾರಿಯ ಮನೆಗೆ ನಡೆದೆ.

"ಒಳಗೆ ಕೊರೆದು ಟೊಳ್ಳು ಮಾಡಿದ್ದೀರಾ ಆಚಾರ್ರೇ?"

"ಮತ್ತೆ? ಅಂಟ್ಸೋಕೆ ಮುಂಚೆ ಎರಡೂ ತುಂಡಿಗೆ ಹೊಟ್ಟೆ ತೆಗ್ದೆ. ನೀವು ಹೇಳೋಕೆ ಮರ್ತಿರಿ ಅಂತ ನಾನೇ ಮಾಡ್ದೆ."

"ಮರೆತಿದ್ದಲ್ಲ! ಬೇಡ ಅಂತಲೇ ಹೇಳಲಿಲ್ಲ!"

"ಹೊಟ್ಟೆ ಇಲ್ದಿದ್ರೆ ಅದು ವಾದ್ಯ ಹ್ಯಾಂಗಾಗ್ತದೆ ಮಾರಾಯ್ರೇ? ಮಣೆ ಆಗ್ತದೆ. ಊಟಕ್ಕೆ ಕೂರೋಕೆ ಬೇಕಿದ್ರೆ ಮೊದ್ಲೇ ಹೇಳ್ಬೇಕಿತ್ತು!"

ನಾನು ಅಯಸ್ಕಾಂತದ ವಿಷಯ ಕೂಗಿ ಹೇಳಿದೆ, ಅವರು ವೀಣೆಯ ಕೊಡದ ವಿಷಯ ಕೂಗಿ ಹೇಳಿದರು. ಕೊನೆಗೆ ಅವರ ಹೆಂಡತಿ ಇಬ್ಬರಿಗೂ ಮಜ್ಜಿಗೆ ತಂದಿಟ್ಟು, ಗಂಟಲು ಒಣಗಿರಬೇಕು, ಕುಡಿದು ಮುಂದುವರಿಸಿ ಎಂದರು. ಬೇರೆ ಹಲಗೆಯಲ್ಲಿ ಹೊಸದು ಮಾಡಿಕೊಡುತ್ತೇನೆ ಎಂದರು ಆಚಾರಿ. ಬೇರೆ ಹಲಗೆ ನನಗೆ ಬೇಕಿರಲಿಲ್ಲ. ಹಾರನ್ನು ವಾದ್ಯದಿಂದ ದೂರವಿದ್ದರೆ ಊಳು ನಿಲ್ಲುತ್ತದೆಂದು ಗೊತ್ತಿತ್ತು. ಉದ್ದನೆಯ ವೈರು ಸುತ್ತಿಕೊಂಡೆ.

ಗಿಟಾರು, ಚರ್ಮದ ಪಟ್ಟಿ ಹಾಕಿದ ಪಿನ್ನು, ಆಂಪ್ಲಿಫೈಯರು, ಹಾರನ್ನು, ಬ್ಯಾಟರಿ ಎಲ್ಲವನ್ನೂ ಅದೇ ಬಸ್ಸಿನಲ್ಲಿ ಹೇರಿಕೊಂಡು ಅಕ್ಕನ ಮನೆಗೆ ಹೋದೆ. ಹಾರನ್ನನ್ನು ಅಂಗಳದಾಚೆ, ದಾರಿಗೆ ತೆರೆಯುವ ದಣಪೆಯ ಕಂಬಕ್ಕೆ ಕಟ್ಟಿದೆ, ಬಾಯಿ ರಸ್ತೆಯ ಕಡೆಗೆ. ಆಮೇಲೆ ಗಿಟಾರನ್ನು ಅಕ್ಕನ ತೊಡೆಯ ಮೇಲೆ ಇಟ್ಟು, ಇದು ಯಾವ ಹಲಗೆ ಎಂದು ಹೇಳಿಯೇಬಿಟ್ಟೆ. ಬಾಯಿಗೆ ಬೀಗವಿಲ್ಲವೆಂದು ಮೊದಲೇ ಹೇಳಿದ್ದೇನಲ್ಲ.

ಅಕ್ಕ ಬಲಗೈಯಲ್ಲಿ ಬೋಲ್ಟಿನ ತೂತನ್ನು ಮುಟ್ಟಿದಳು. "ನಾನು ಇದ್ರ ಮೇಲೆ ಮಲಗಿ ಒಂದೇ ಒಂದು ಬೇಡ್ಕಂಡಿದ್ದೆ. ಜೀವ ಅಲ್ಲ, ಕೈ" ಎಂದಳು. ಗಿಟಾರನ್ನು ತೊಡೆಯಿಂದ ಕೆಳಗಿಳಿಸಿ, "ತಗಂಡು ಹೋಗಾ ಇದನ್ನ" ಎಂದು ಎದ್ದು ಒಳಗೆ ಹೋದಳು.

ಅಷ್ಟು ದುಃಖ ನನಗೆ ಯಾವತ್ತೂ ಆಗಿರಲಿಲ್ಲ. ವಾಪಸು ತರಲು ಮನಸ್ಸಾಗದೆ ಎಲ್ಲವನ್ನೂ ಅಲ್ಲೇ ಬಿಟ್ಟು ಬಂದೆ. ಭಾವ ಗಿಟಾರನ್ನು ಪಿಟೀಲಿನ ಪಕ್ಕದ ಗೂಟಕ್ಕೆ ತೂಗುಹಾಕಿದರು. ಬ್ಯಾಟರಿಯನ್ನು ಮಾತ್ರ ಹಾಗೆ ಬಿಡುವಂತಿರಲಿಲ್ಲ, ಆಗಾಗ ಚಾರ್ಜು ಮಾಡದಿದ್ದರೆ ಸಾಯುತ್ತದೆ. ಭಾವ ಅದನ್ನು ಬಸ್ಸಿಗೆ ಹಾಕಿ ಸಾಗರಕ್ಕೆ ಕಳಿಸುವುದು, ನಾನು ಚಾರ್ಜು ಮಾಡಿ ತಿರುಗಿ ಕಳಿಸುವುದು ನಡೆಯಿತು. "ಬಾರ್ಸೋರಿಲ್ದೆ ಇದ್ರೂ ಇದ್ರ ಓಡಾಟಕ್ಕೇನೂ ಕಮ್ಮಿ ಇಲ್ಲ" ಎಂದು ಕಂಡಕ್ಟರು ತಮಾಷೆ ಮಾಡುತ್ತಿದ್ದ.

ಒಮ್ಮೆ ಬ್ಯಾಟರಿಯ ಜೊತೆಗೆ ಭಾವನೇ ಸಾಗರಕ್ಕೆ ಬಂದರು. ಅಂಗಡಿಯ ಬಾಗಿಲಲ್ಲಿ ನಿಂತು ಗುಟ್ಟು ಹೇಳುವ ದನಿಯಲ್ಲಿ, "ನಿಮ್ಮಕ್ಕ ಬಾರಿಸ್ತಾಳೆ ಮಾರಾಯ" ಎಂದರು.

"ಬ್ಯಾಟರಿ ಇಲ್ಲಿದೆಯಲ್ಲ ಭಾವ!"

"ಅದೇ. ಬ್ಯಾಟರಿ ಇಲ್ದಾಗ್ಲೇ ಬಾರ್ಸೋದು. ಆಳುಗಳೆಲ್ಲ ಗದ್ದೆಗೆ ಹೋದ್ಮೇಲೆ, ಕದ ಹಾಕ್ಕಂಡು. ಅಡುಗೆಮನೇಲಿ ಕೂತ್ರೆ ನಂಗೆ ಸಣ್ಣಗೆ ಕೇಳ್ತದೆ. ಸಾರು ಮತ್ತೆ ರುಚಿಯಾಗಿದೆ."

ನನಗೆ ಆಚಾರಿಯ ಮುಖ ಕಣ್ಣಮುಂದೆ ಬಂತು. ಹೊಟ್ಟೆ. ನಾನು ಕೇಳಿದಂತೆ ಗಟ್ಟಿ ಮರದಲ್ಲೇ ಮಾಡಿದ್ದರೆ ಬ್ಯಾಟರಿಯಿಲ್ಲದೆ ಅದು ಮೂಕ. ಅಕ್ಕ ಯಾವಾಗಲೋ ಒಮ್ಮೆ ಗೂಟದಿಂದ ಇಳಿಸಿ ಮೀಟಿ ನೋಡಿದಾಗ ಸತ್ತ ತಂತಿಯ ಸದ್ದಷ್ಟೇ ಬಂದಿದ್ದರೆ ಅವಳು ಅದನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಹಾರನ್ನಿನಲ್ಲಿ ಊರಿಗೆಲ್ಲ ಕೇಳುವಂತೆ ತಪ್ಪು ಸ್ವರ ನುಡಿಸುತ್ತ ಕಲಿಯುವವಳಂತೂ ಅಲ್ಲವೇ ಅಲ್ಲ. ತನಗೊಬ್ಬಳಿಗೇ ಕೇಳುವಷ್ಟು ದನಿ ಅವಳಿಗೆ ಬೇಕಿತ್ತು. ಅದನ್ನು ಆಚಾರಿ ಒಳಗೆ ಕೊರೆದಿಟ್ಟಿದ್ದರು. ಅವತ್ತೇ ಅವರ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. "ಹೌದಲ್ಲ ಮತ್ತೆ, ವಾದ್ಯ ಅಂದ್ರೆ ವಾದ್ಯ" ಎಂದು ಉಳಿಗೆ ಸಾಣೆ ಹಿಡಿಯುತ್ತಲೇ ಇದ್ದರು. ನಾನು ಅವರ ಕೈ ಹಿಡಿದುಕೊಂಡೆ. ಮಜ್ಜಿಗೆ ಮತ್ತೆ ಬಂತು.

ಸುಗ್ಗಿ ಮುಗಿದ ಮೇಲಿನ ಒಂದು ಮಧ್ಯಾಹ್ನ ನಾನು ಅಕ್ಕನ ಮನೆಯಲ್ಲಿದ್ದೆ. ಅಕ್ಕ ತಾನಾಗಿಯೇ, "ಆ ವೈರು ಸಿಕ್ಕಿಸು ನೋಡುವ" ಎಂದಳು. ನಾನು ವೈರು ಸಿಕ್ಕಿಸಿ, ಚಾರ್ಜಾಗಿ ಬಂದಿದ್ದ ಬ್ಯಾಟರಿಗೆ ಆಂಪ್ಲಿಫೈಯರು ಜೋಡಿಸಿದೆ. ಭಾವ ಪಿಸ್ಟನ್ ಪಿನ್ನನ್ನು ಅವಳ ಎಡಗೈಗೆ ಚರ್ಮದ ಪಟ್ಟಿಯಿಂದ ಕಟ್ಟಿದರು. ತಂತಿಗಳನ್ನು ಅವಳು ತನ್ನ ಪಿಟೀಲಿನ ಶ್ರುತಿಗೇ ಕೂಡಿಸಿಕೊಂಡಿದ್ದಳು. "ನೀವಿಬ್ರೂ ಎದುರಿಗೆ ಕೂರ್ಬ್ಯಾಡಿ" ಎಂದದ್ದಕ್ಕೆ ಭಾವ ಅಡುಗೆಮನೆಗೆ ಹೋದರು, ನಾನು ದಣಪೆಯ ಹತ್ತಿರ ಹಾರನ್ನಿನ ಕೆಳಗೆ ಹೋಗಿ ನಿಂತೆ.

ಮೇಷ್ಟ್ರು ಮೊದಲು ಕಲಿಸಿದ ಮೋಹನ ರಾಗದ ಗೀತೆ. ನನ್ನ ಕೈಯಲ್ಲಿ ಬೆಕ್ಕಾಗಿ ಕೂಗಿದ್ದ ಅದೇ ಗೀತೆ. ಪಿನ್ನು ತಂತಿಯ ಮೇಲೆ ಜಾರಿ ಜಾರಿ ಸ್ವರಕ್ಕೆ ಹೋಗಿ ಕೂರುತ್ತಿತ್ತು. ನಾನು ಕಂಬಕ್ಕೆ ಒರಗಿ ಅಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಗುರುಗುಟ್ಟುವಿಕೆ ಕೇಳಿಸಿತು. ಜನ ಕಂಡರೆ ಅಕ್ಕ ನಿಲ್ಲಿಸಿಬಿಡುತ್ತಾಳೆಂದು ನಾನು ರಸ್ತೆಗೆ ಓಡಿ, ಹೋಗಿ ಹೋಗಿ ಎಂದು ಕೈಬೀಸಿದೆ. ಡ್ರೈವರು ಹಾರನ್ನನ್ನು ನೋಡಿದ, ನನ್ನ ಮುಖ ನೋಡಿದ, ಬಸ್ಸು ನಿಲ್ಲಿಸಿದ. ಕಿವಿಯ ಹಿಂದೆ ಕೈ ಹಿಡಿದು ಆಲಿಸಿದ. ಎಂಜಿನ್ನಿನ ಗದ್ದಲದಲ್ಲಿ ಅವನಿಗೆ ಸರಿಯಾಗಿ ಕೇಳುತ್ತಿರಲಿಲ್ಲ.

ಆಗ ಅವನು ಎಂಜಿನ್ ಆರಿಸಿದ.

ಆ ರಸ್ತೆಯಲ್ಲಿ ಆ ಬಸ್ಸು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಆ ನಿಶ್ಶಬ್ದದಲ್ಲಿ ಗೀತೆಯೊಂದೇ ಉಳಿಯಿತು. ಜನ ಕಿಟಕಿಗಳಿಂದ ತಲೆ ಹೊರಹಾಕಿದರು, ಆಮೇಲೆ ಒಬ್ಬೊಬ್ಬರೇ ಇಳಿದು ಬಂದು ನಿಂತರು. "ನಮ್ಮ ಹಿಂದಿನ ಸೀಟು ಹಾಡ್ತಾ ಇದೆಯಲ್ರೋ!" ಎಂದ ಕಂಡಕ್ಟರನ ಬಾಯಿಗೆ ಡ್ರೈವರು ಕೈ ಅಡ್ಡ ಹಿಡಿದ.

ಆ ರಸ್ತೆಯವರಿಗೆಲ್ಲ ಬಸ್ಸು ಕಿವಿಯಲ್ಲೇ ಗೊತ್ತು. ಬಂದ ಬಸ್ಸು ಹೋದ ಸದ್ದಾಗಲಿಲ್ಲವೆಂದು ಅಕ್ಕನಿಗೂ ತಿಳಿಯಿತು. ಗೀತೆ ಅರ್ಧಕ್ಕೆ ನಿಂತಿತು. ಅವಳು ಅಂಗಳಕ್ಕೆ ಬಂದಳು. ಬಸ್ಸು, ಡ್ರೈವರು, ಸಾಲಾಗಿ ನಿಂತ ಜನ. ಅವತ್ತು ಬಸ್ಸಿನಲ್ಲಿದ್ದವರು ಇವರಲ್ಲ, ಆದರೆ ಅಕ್ಕನಿಗೆ ಆ ಬಸ್ಸಿನಲ್ಲಿ ಕೂತವರೆಲ್ಲ ಅವರೇ. ಎಡಗೈ ಅಭ್ಯಾಸದಂತೆ ಸೆರಗಿನ ಕಡೆಗೆ ಹೋಯಿತು, ಅರ್ಧದಲ್ಲಿ ನಿಂತಿತು. ಪಿನ್ನು ಕಟ್ಟಿದ ಆ ಕೈಯನ್ನು ಇನ್ನೊಂದಕ್ಕೆ ಕೂಡಿಸಿ ಎಲ್ಲರ ಎದುರು ಮುಗಿದಳು.

"ಅವತ್ತು ಇಳಿಯೋ ಕಡೆ ಇಳೀದೆ ಕೂತ್ರಿ" ಎಂದಳು. "ನಂಗೆ ಹೇಳೋಕೇ ಬಂದಿರ್ಲಿಲ್ಲ."

"ಈಗ ಹೇಳ್ತಾ ಇದ್ರಲ್ಲ ಅಮ್ಮ" ಎಂದ ಡ್ರೈವರು. "ಅರ್ಧ ಆಗಿದೆ. ಪೂರ್ತಿ ಮಾಡಿ."

ಬಸ್ಸು ಇನ್ನು ಹೊತ್ತಿಕೊಳ್ಳುವುದಿಲ್ಲವೆಂದು ನನಗೆ ಗೊತ್ತಿತ್ತು. ನಮ್ಮ ಬ್ಯಾಟರಿ ಕಳಚಿ ಕೊಡುತ್ತೇನೆ ಎಂದೆ.

"ಬ್ಯಾಡ ಮೈಕಿನವ್ರೆ. ಅದು ಅಲ್ಲೇ ಇರ್ಲಿ. ಆಮೇಲೆ ಎಲ್ಲ ಸೇರಿ ತಳ್ಳಿದ್ರಾತು."

ಅಕ್ಕ ಒಳಗೆ ಹೋಗಿ ಗೀತೆಯನ್ನು ಮೊದಲಿನಿಂದ ಶುರುಮಾಡಿ ಕೊನೆಯವರೆಗೆ ಬಾರಿಸಿದಳು. ಯಾರಿಗೂ ಎಲ್ಲಿಗೂ ಹೋಗುವ ಅವಸರ ಇದ್ದಂತಿರಲಿಲ್ಲ. ಆಮೇಲೆ ಎಲ್ಲರೂ ಬಸ್ಸಿನ ಹಿಂದೆ ಸೇರಿದೆವು, ಭಾವನೂ ಸೌಟು ಹಿಡಿದುಕೊಂಡೇ ಓಡಿ ಬಂದರು. ಡ್ರೈವರು ಒಳಗಿನಿಂದ ಹೂಂ ಎಂದು ಕೂಗಿದ. ನನ್ನ ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ಅಕ್ಕ ಪಿನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಎಡಗೈಯನ್ನು ಬಸ್ಸಿನ ಬೆನ್ನಿಗೆ ಹಚ್ಚಿ ತಳ್ಳುತ್ತಿದ್ದಳು.